ಅಣ್ಣಿಗೇರಿ ದಾಟಿದ ಮೇಲೆ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ: ಫಾಗ್ ಲೈಟ್ ವೈರಿಂಗ್ ಮೊದಲಿನಿಂದ ಮಾಡಬೇಕು, ದಾರಿ ಹೇಳಿ

ಉಣಕಲ್_ಹುಡುಗ
ಎಲ್ಲರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ಚಹಾ ಹಿಡಿದುಕೊಂಡು ಓದಿ.

ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎ 25 ಪಾಸಿಂಗ್. ಕಳೆದ ತಿಂಗಳು ಎರಡು 55 ವ್ಯಾಟಿನ ಫಾಗ್ ಲೈಟ್ ಹಾಕಿಸಿದೆ. ಅಂಗಡಿ ಹೆಸರು ಬೇಡ. ಹುಡುಗ ನಲವತ್ತು ನಿಮಿಷದಲ್ಲಿ ಕೆಲಸ ಮುಗಿಸಿದ, ನಾನೂ ಎಷ್ಟು ಫಾಸ್ಟ್ ಅಂತ ಖುಷಿಪಟ್ಟು ಮನೆಗೆ ಬಂದೆ.

ಹೋದ ಶನಿವಾರ ರಾತ್ರಿ ಗದಗಿನಿಂದ ಹುಬ್ಬಳ್ಳಿಗೆ ವಾಪಸ್ ಬರುತ್ತಿದ್ದೆವು. ಅಣ್ಣಿಗೇರಿ ದಾಟಿದ ಮೇಲೆ ಜೋರು ಮಳೆ, ಫಾಗ್ ಲೈಟ್ ಹಾಕಿದೆ. ಹತ್ತು ನಿಮಿಷಕ್ಕೆ ವಾಸನೆ ಬಂತು. ಹೊಲದಲ್ಲಿ ಯಾರೋ ಪ್ಲಾಸ್ಟಿಕ್ ಸುಡುತ್ತಿದ್ದಾರೆ ಅಂದೆ. ಈ ಮಳೆಯಲ್ಲಿ ಯಾರು ಸುಡುತ್ತಾರೆ ಅಂತ ಹೆಂಡತಿ ಕೇಳಿದಳು. ಅಷ್ಟರಲ್ಲಿ ಅವಳ ಕಾಲ ಹತ್ತಿರ ಹೊಗೆ.

ಪಕ್ಕಕ್ಕೆ ನಿಲ್ಲಿಸಿದೆ, ಸ್ವಿಚ್ ಆಫ್ ಮಾಡಿದೆ, ಕೀಲಿಯನ್ನೂ ತೆಗೆದೆ. ಹೊಗೆ ನಿಲ್ಲಲಿಲ್ಲ! ಕೀಲಿ ಕೈಯಲ್ಲಿದೆ, ಗಾಡಿ ಸುಡುತ್ತಿದೆ. ಅವಳನ್ನು ಇಳಿಸಿ ಬಾನೆಟ್ ಎತ್ತಿದೆ, ಟೂಲ್ ಕಿಟ್‌ನಲ್ಲಿ 10 ನಂಬರ್ ಪಾನಾ ಇದ್ದದ್ದು ಪುಣ್ಯ, ಮಳೆಯಲ್ಲೇ ಬ್ಯಾಟರಿಯ ನೆಗೆಟಿವ್ ಕಿತ್ತೆ. ಆಮೇಲೆ ನಿಂತಿತು.

ಮರುದಿನ ಹಗಲಲ್ಲಿ ನೋಡಿದೆ. ಬ್ಯಾಟರಿ ಪಾಸಿಟಿವ್‌ನಿಂದ ನೇರವಾಗಿ ಒಂದು ಸಣ್ಣ ವಾಯರ್, ಫ್ಯೂಸ್ ಇಲ್ಲ, ರಿಲೇ ಇಲ್ಲ. ಇಂಜಿನ್ ಕಡೆಯಿಂದ ಒಳಗೆ ಬರುವ ತಗಡಿಗೆ ಡ್ರಿಲ್ ಹೊಡೆದಿದ್ದಾರೆ, ತೂತಿಗೆ ರಬ್ಬರ್ ಬುಷ್ ಹಾಕಿಲ್ಲ. ತಗಡಿನ ಅಂಚು ವಾಯರಿನ ಸಿಪ್ಪೆಯನ್ನು ದಿನಾ ಸ್ವಲ್ಪ ಸ್ವಲ್ಪ ತಿಂದು ಕೊನೆಗೆ ತಾಮ್ರ ಗಾಡಿಯ ಬಾಡಿಗೆ ತಾಗಿದೆ. ಒಂದೂವರೆ ಅಡಿ ವಾಯರ್ ಕಪ್ಪಗೆ ಸುಟ್ಟು ಪಕ್ಕದ ಕಂಪನಿ ವಾಯರಿಗೂ ಅಂಟಿಕೊಂಡಿದೆ.

ಈಗ ಎಲ್ಲ ಕಿತ್ತು ನಾನೇ ಮಾಡಬೇಕು ಅಂತಿದ್ದೇನೆ. ಮನೆ ವೈರಿಂಗ್ ಸ್ವಲ್ಪ ಗೊತ್ತು, ಗಾಡಿಯದು ಹೊಸದು. ಮನೆ ಕೆಲಸದಲ್ಲಿ ಉಳಿದ 1.5 ಸ್ಕ್ವೇರ್ ಎಂಎಂ ವಾಯರ್ ಇದೆ, ಅದೇ ನಡೆಯುತ್ತಾ?

ಡಿಪ್‌ಲೈಟ್
ಯಪ್ಪಾ. ಇಬ್ಬರೂ ಕ್ಷೇಮ ಅಲ್ವಾ? ಅದು ಮೊದಲು.

ಒಂದು ಮಾತು, ಬೇಜಾರಾಗಬೇಡಿ. ಬರೀ ಹೊಗೆ ಇದ್ದಾಗ ಬಾನೆಟ್ ಎತ್ತಿದ್ದು ಸರಿಹೋಯಿತು. ಬಾನೆಟ್ ಸಂದಿಯಿಂದ ಬೆಂಕಿ ಕಂಡರೆ ಪೂರ್ತಿ ಎತ್ತಲೇಬಾರದು, ಗಾಳಿ ಸಿಕ್ಕಿ ಭಗ್ ಅಂತ ಏಳುತ್ತದೆ. ದೂರ ಹೋಗಿ 112ಕ್ಕೆ ಫೋನ್ ಮಾಡಿ. ಒಂದು ಕಿಲೋದ ಪೌಡರ್ ಸಿಲಿಂಡರ್ ಸೀಟ್ ಕೆಳಗೆ ಇಡಿ. ಡಿಕ್ಕಿಯಲ್ಲಿ ಸಾಮಾನಿನ ಅಡಿ ಇಟ್ಟರೆ ಇಲ್ಲದ ಹಾಗೇ.

ಗದಗ_ಗಾಡಿ
ನನಗೂ ಹೀಗೇ ಕಿರಿಕಿರಿ ಇತ್ತು. ಎಕ್ಸ್‌ಟ್ರಾ ಲೈಟಿಗೆ 15ರ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ನಮ್ಮ ಮೆಕ್ಯಾನಿಕ್ 30ರದ್ದು ಹಾಕಿಕೊಟ್ಟ, ಆರು ತಿಂಗಳಾಯಿತು, ಒಂದು ಸಲವೂ ಹೋಗಿಲ್ಲ. ನೀವು ಸುಮ್ನೆ ಒಂದು ದೊಡ್ಡ ಫ್ಯೂಸ್ ಹಾಕಿಬಿಡಿ, ಮುಗೀತು.

ತಂತಿ_ತಾತ
ಗದಗದ ತಮ್ಮಾ, ನಿನ್ನ ಮಾತಿಗೆ ಮೊದಲು ಉತ್ತರ, ಯಾಕೆಂದರೆ ಇದನ್ನು ಯಾರಾದರೂ ಓದಿ ಹಾಗೇ ಮಾಡಿಬಿಟ್ಟರೆ ಕಷ್ಟ. ಹಳೇ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಆಟೋ ಎಲೆಕ್ಟ್ರಿಕಲ್ ಅಂಗಡಿ ನಡೆಸಿದವನು ನಾನು, ಈಗ ಮಗ ನೋಡಿಕೊಳ್ಳುತ್ತಾನೆ. ಈ ಮೂವತ್ತು ವರ್ಷದಲ್ಲಿ ಸುಟ್ಟ ಗಾಡಿ ಬಂದಾಗಲೆಲ್ಲ ನಾನು ಮೊದಲು ಹುಡುಕುತ್ತಿದ್ದದ್ದು ದೊಡ್ಡ ಫ್ಯೂಸು, ಇಲ್ಲವೇ ಫ್ಯೂಸ್ ಜಾಗದಲ್ಲಿ ಸುತ್ತಿದ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ.

ಫ್ಯೂಸ್ ಇರುವುದು ಲೈಟು ಉಳಿಸಲಿಕ್ಕಲ್ಲ. ವಾಯರು ಉಳಿಸಲಿಕ್ಕೆ. ನಿನ್ನ 15 ಹೋಗುತ್ತಿತ್ತು ಅಂದರೆ ಎಲ್ಲೋ ವಾಯರ್ ಬಾಡಿಗೆ ತಾಗುತ್ತಿದೆ, ಅಥವಾ ಲೋಡು ಜಾಸ್ತಿ ಇದೆ. ಅದು ನಿನಗೆ ಹೇಳುತ್ತಿತ್ತು, ನೀನು ಅದರ ಬಾಯಿ ಮುಚ್ಚಿಸಿದೆ. ಈಗ ಆ ವಾಯರಿನಲ್ಲಿ 25 ಆಂಪಿಯರ್ ಹರಿದರೂ 30ರ ಫ್ಯೂಸ್ ತಣ್ಣಗೆ ಕೂತಿರುತ್ತದೆ, ಸುಡುವುದು ವಾಯರು. ನಾಳೆ ಬೆಳಿಗ್ಗೆ ಮೊದಲು ಅದನ್ನು ಕಿತ್ತು 15ರ ನೀಲಿ ಫ್ಯೂಸ್ ಹಾಕು. ಹೋದರೆ ಹೋಗಲಿ. ಹೋದಾಗ ಯಾವ ಲೈಟ್ ಆನ್ ಇತ್ತು, ಗಾಡಿ ಗುಂಡಿಗೆ ಬಿದ್ದಾಗ ಹೋಯಿತಾ, ಸ್ಟೇರಿಂಗ್ ತಿರುಗಿಸಿದಾಗ ಹೋಯಿತಾ, ಗಮನಿಸಿ ಬರೆ.

ಈಗ ಉಣಕಲ್ಲಿನವರಿಗೆ.

ಮನೆ ವಾಯರ್ ಬೇಡ. ಅದರ ಪಿವಿಸಿ ಸಿಪ್ಪೆ 70 ಡಿಗ್ರಿಯದ್ದು, ಗೋಡೆಯೊಳಗೆ ಅಲುಗಾಡದೆ ಮಲಗಲಿಕ್ಕೆ ಮಾಡಿದ್ದು. ಬೇಸಿಗೆಯಲ್ಲಿ ಬಾನೆಟ್ ಒಳಗಿನ ಬಿಸಿ ನಿಮಗೇ ಗೊತ್ತು. ಆಟೋ ವಾಯರ್ ಅಂತ ಕೇಳಿ, 105 ಡಿಗ್ರಿಯದು ಸಿಗುತ್ತದೆ, ಎಳೆಗಳು ಸಣ್ಣ, ಜಾಸ್ತಿ ಇರುತ್ತವೆ, ನಡುಕಕ್ಕೆ ಮುರಿಯುವುದಿಲ್ಲ. ಕೊಳ್ಳುವಾಗ ತುದಿ ಸುಲಿದು ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಲೈಟರ್ ಹಿಡಿದರೂ ಗೊತ್ತಾಗುತ್ತದೆ, ತಾಮ್ರದ ಎಳೆ ಕೆಂಪಗಾಗಿ ನಿಲ್ಲುತ್ತದೆ, ಅಲ್ಯೂಮಿನಿಯಂ ಮುದುಡಿ ಬೀಳುತ್ತದೆ. ಅಂಥದ್ದನ್ನು ಅಂಗಡಿಯವನ ಮೇಜಿನ ಮೇಲೇ ಬಿಟ್ಟು ಬನ್ನಿ.

ಲೆಕ್ಕ ಸುಲಭ. ಎರಡು ಬಲ್ಬು 110 ವ್ಯಾಟ್, 12ರಿಂದ ಭಾಗಿಸಿದರೆ ಒಂಬತ್ತು ಆಂಪಿಯರ್ ಮೇಲೆ ಸ್ವಲ್ಪ. ಕಾಲು ಭಾಗ ಸೇರಿಸಿ, ಹನ್ನೊಂದೂವರೆ. ಅದಕ್ಕೆ ಮೇಲಿನ ಫ್ಯೂಸ್ 15. ಬ್ಯಾಟರಿಯಿಂದ ಬರುವ ಮುಖ್ಯ ವಾಯರ್ 2.5 ಸ್ಕ್ವೇರ್, ಅಲ್ಲಿಂದ ಒಂದೊಂದು ಲೈಟಿಗೆ 1.5. ಫ್ಯೂಸ್ ಎಲ್ಲಿ ಅಂದರೆ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೆ. ಹತ್ತಿರ ಆದಷ್ಟೂ ಒಳ್ಳೆಯದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ಆ ತುಂಡಿಗೆ ಕಾವಲು ಯಾರೂ ಇಲ್ಲ ಅನ್ನುವುದು ನೆನಪಿರಲಿ. ಸೆಲ್ಫ್ ಹೊಡೆಯುವಾಗ ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಅದು, ನಿಮ್ಮ ಸಣ್ಣ ವಾಯರ್ ಅದಕ್ಕೆ ಊದಿನಕಡ್ಡಿ. ಕೀಲಿ ತೆಗೆದರೂ ಹೊಗೆ ನಿಲ್ಲಲಿಲ್ಲ ಅಂದಿರಲ್ಲ, ಕಾರಣ ಅದೇ. ಬ್ಯಾಟರಿಗೂ ಬಾಡಿಗೂ ನಡುವೆ ಕೀಲಿ ಬರುವುದೇ ಇಲ್ಲ.

ಆ ಅಂಟಿಕೊಂಡ ಕಂಪನಿ ವಾಯರನ್ನು ಹಾಗೇ ಬಿಡಬೇಡಿ. ಅಂಟು ಬಿಡಿಸಿ ಅದರ ಸಿಪ್ಪೆ ನೋಡಿ. ಅದರ ಮೇಲೆ ಟೇಪ್ ಸುತ್ತಿ ಮುಚ್ಚಿದರೆ ಎರಡನೇ ಹೊಗೆಗೆ ತಯಾರಾಗಿ.

ಗದಗ_ಗಾಡಿ
ತಾತಾ, ಬೈದಿದ್ದು ಸರಿ ಇದೆ. ಬೆಳಿಗ್ಗೆ ತೆಗೆಯುತ್ತೇನೆ.

ಸಪ್ತಾಪುರ_ಸವಾರ
ಧಾರವಾಡದಿಂದ ನಮಸ್ಕಾರ. ರಿಲೇ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಮೂರು ವಿಡಿಯೋ ನೋಡಿದೆ, ಮೂರೂ ಬೇರೆ ಬೇರೆ ಹೇಳುತ್ತವೆ.

ಡಿಪ್‌ಲೈಟ್
ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಒಳಗೊಂದು ಕಾಯಿಲ್ ಇದೆ, ಅದು ಆಯಸ್ಕಾಂತ ಆಗಿ ಟಕ್ ಅಂತ ಕಾಂಟ್ಯಾಕ್ಟ್ ಎಳೆಯುತ್ತದೆ. ಕಾಯಿಲ್ ತಿನ್ನುವುದು ಸುಮಾರು 150ರಿಂದ 200 ಮಿಲಿ ಆಂಪಿಯರ್ ಅಷ್ಟೇ. ಹಾಗಾಗಿ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ಭಾರ ಇಲ್ಲ, ದಪ್ಪ ವಾಯರ್ ಗಾಡಿಯೊಳಗೆ ಬರುವ ಅಗತ್ಯವೂ ಇಲ್ಲ.

ಕಾಲುಗಳ ನಂಬರ್ ಕೆಳಗೆ ಬರೆದಿರುತ್ತದೆ. 30ಕ್ಕೆ ಫ್ಯೂಸಿನಿಂದ ಬಂದ ಬ್ಯಾಟರಿ ಕರೆಂಟ್. 87ರಿಂದ ಲೈಟಿಗೆ. 86ಕ್ಕೆ ಸ್ವಿಚ್ಚಿನಿಂದ, 85 ಅರ್ಥಿಂಗ್‌ಗೆ, ಅಂದರೆ ಬ್ಯಾಟರಿ ನೆಗೆಟಿವ್ ಸೇರಿರುವ ಗಾಡಿಯ ಬಾಡಿಗೆ. ಇಷ್ಟೇ ರೀ. ಐದು ಕಾಲಿನ ರಿಲೇ ಕೊಟ್ಟರೆ ನಡುವೆ 87ಎ ಅಂತ ಒಂದು ಇರುತ್ತದೆ. ಅದು ಉಲ್ಟಾ ಗಿರಾಕಿ, ರಿಲೇ ಆಫ್ ಇದ್ದಾಗ ಅದರಲ್ಲಿ ಕರೆಂಟ್ ಇರುತ್ತದೆ. ಅಲ್ಲಿಗೆ ವಾಯರ್ ಹಾಕಿದರೆ ಸ್ವಿಚ್ ಆಫ್ ಮಾಡಿದಾಗ ಲೈಟ್ ಹತ್ತುತ್ತದೆ. ನಾನು ಮಾಡಿದ್ದೇನೆ, ನಗಬೇಡಿ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ತುಂಡು) ಇರುವ ರಿಲೇ ಆದರೆ 85, 86 ಅದಲು ಬದಲು ಮಾಡುವಂತಿಲ್ಲ. ರಿಲೇ ಮೈಮೇಲಿನ ಚಿತ್ರ ನೋಡಿಕೊಳ್ಳಿ.

ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ಲೈಟಿನ ಫ್ಯೂಸಿನಿಂದ ತೆಗೆದರೆ ಲೈಟ್ ಆಫ್ ಮಾಡಿದಾಗ ಫಾಗೂ ಆಫ್ ಆಗುತ್ತದೆ, ಮರೆತು ಬ್ಯಾಟರಿ ಇಳಿಯುವುದಿಲ್ಲ. ಫ್ಯೂಸ್ ಟ್ಯಾಪ್ ಅಂತ ಸಿಗುತ್ತದೆ, ಒಂದೇ ಜಾಗದಲ್ಲಿ ಎರಡು ಫ್ಯೂಸ್ ಹಿಡಿಸುವಂಥದ್ದು, ಹೊಸ ಕಡೆಗೆ 3 ಅಥವಾ 5 ಆಂಪಿಯರ್ ಸಾಕು. ಅದನ್ನು ಹಾಕುವ ದಿಕ್ಕು ಮುಖ್ಯ. ಹಳೇ ಫ್ಯೂಸ್ ಕಿತ್ತು ಮಲ್ಟಿಮೀಟರಿನಲ್ಲಿ ಯಾವ ಸಂದಿಗೆ ಕರೆಂಟ್ ಬರುತ್ತದೆ ನೋಡಿ. ಟ್ಯಾಪಿನ ಎರಡೂ ಫ್ಯೂಸಿಗೆ ಸೇರುವ ಕಾಲು ಆ ಕಡೆ ಕೂರಬೇಕು. ತಿರುಗಿಸಿ ಕೂರಿಸಿದರೂ ಲೈಟು ಹತ್ತುತ್ತದೆ, ಆದರೆ ಹೊಸ ಕರೆಂಟೂ ಹಳೇ ಫ್ಯೂಸಿನ ಮೇಲೆಯೇ ಹೋಗುತ್ತದೆ.

ಜಾಯಿಂಟುಗಳನ್ನು ಮಾತ್ರ ಸೋಲ್ಡರ್ ಮಾಡಿ. ಕ್ರಿಂಪ್, ಅಂದರೆ ಲೋಹದ ತುಂಡನ್ನು ವಾಯರಿನ ಮೇಲೆ ಒತ್ತಿ ಹಿಡಿಸುವುದು, ನನಗೆ ನಂಬಿಕೆ ಇಲ್ಲ.

ತಂತಿ_ತಾತ
ಎಲ್ಲ ಸರಿ ಹೇಳಿ ಕೊನೆಗೆ ಜಾರಿದಿರಿ.

ಸೋಲ್ಡರ್ ಬಿಸಿಯಾದಾಗ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಸಿಪ್ಪೆಯ ಒಳಗೂ ಏರುತ್ತದೆ. ಅಲ್ಲಿಯವರೆಗೆ ವಾಯರ್ ಕಡ್ಡಿ ಆಗುತ್ತದೆ. ಕಡ್ಡಿ ಮುಗಿದು ಮೆತ್ತಗೆ ಶುರುವಾಗುವ ಜಾಗ ಇದೆಯಲ್ಲ, ಇಂಜಿನ್ ನಡುಗಿ ನಡುಗಿ ಅಲ್ಲೇ ಒಂದೊಂದೇ ಎಳೆ ಕಡಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಗಾಡಿ ಒಂದು ದಿನ ಚಾಲೂ, ಒಂದು ದಿನ ಬಂದ್, ಮಾಲೀಕ ದೇವರಿಗೆ ಹರಕೆ ಹೊರುತ್ತಾನೆ. ಕಂಪನಿಯ ಹಾರ್ನೆಸ್ (ವಾಯರ್ ಕಟ್ಟು) ಬಿಚ್ಚಿ ನೋಡಿ, ಕಪ್ಲರ್ (ವಾಯರುಗಳು ಕೂಡುವ ಪ್ಲಾಸ್ಟಿಕ್ ಪ್ಲಗ್) ಒಳಗಿನ ಟರ್ಮಿನಲ್‌ಗಳೆಲ್ಲ ಒತ್ತಿದ್ದು.

ಡಿಪ್‌ಲೈಟ್
ಒತ್ತಿದ್ದು ಹೌದು, ಆದರೆ ಅವರ ಹತ್ತಿರ ಲಕ್ಷಗಟ್ಟಲೆ ಬೆಲೆಯ ಮೆಷಿನ್ ಇದೆ. ನಮ್ಮ ಊರಲ್ಲಿ ಪಕ್ಕಡದಲ್ಲಿ ಕಚ್ಚಿ ಒತ್ತುತ್ತಾರೆ, ಎಳೆದರೆ ಕೈಗೆ ಬರುತ್ತದೆ. ಅದಕ್ಕಿಂತ ನನ್ನ ಸೋಲ್ಡರ್ ಸಾವಿರ ಪಾಲು ವಾಸಿ.

ತಂತಿ_ತಾತ
ಪಕ್ಕಡದಲ್ಲಿ ಒತ್ತುವುದಕ್ಕಿಂತ ಸೋಲ್ಡರ್ ವಾಸಿ, ಒಪ್ಪಿದೆ. ನಾನೂ ಸ್ಕೂಟರ್ ಕಾಲದಲ್ಲಿ ಬರೀ ಸೋಲ್ಡರ್ ಮಾಡಿದವನೇ. ಡ್ಯಾಶ್‌ಬೋರ್ಡ್ ಒಳಗೆ ಅಲುಗಾಡದ ಜಾಗದಲ್ಲಿ, ಎರಡೂ ಕಡೆ ಕಟ್ಟಿ ಹಿಡಿಸಿದರೆ ಸೋಲ್ಡರೂ ವರ್ಷಗಟ್ಟಲೆ ಬರುತ್ತದೆ. ಇಂಜಿನ್ ಕಡೆ ಬೇಡ ಅಂತಷ್ಟೇ ನನ್ನ ಮಾತು.

ರ‍್ಯಾಚೆಟ್ ಕ್ರಿಂಪರ್ ಅಂತ ಬರುತ್ತದೆ. ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ, ಅದೇ ಅದರ ಗುಣ. ಮಾಡುವ ರೀತಿ ಹೇಳುತ್ತೇನೆ ಕೇಳಿ. ಮೊದಲು ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ವಾಯರಿಗೆ ಏರಿಸಿ ದೂರ ಸರಿಸಿ. ಇದನ್ನು ಎಲ್ಲರೂ ಮರೆಯುತ್ತಾರೆ, ಜಾಯಿಂಟ್ ಆದ ಮೇಲೆ ಸ್ಲೀವ್ ಮೇಜಿನ ಮೇಲೆ ಕೂತು ನಗುತ್ತಿರುತ್ತದೆ. ಆಮೇಲೆ ಆರೇಳು ಮಿಲಿಮೀಟರ್ ಸಿಪ್ಪೆ ತೆಗೆಯಿರಿ, ಹಲ್ಲಿನಲ್ಲಿ ಅಲ್ಲ, ಸ್ಟ್ರಿಪ್ಪರಿನಲ್ಲಿ. ಒಂದು ಎಳೆ ಕಡಿದರೂ ಆ ತುದಿ ಕತ್ತರಿಸಿ ಮತ್ತೆ ಸುಲಿಯಿರಿ. ಎಳೆಗಳನ್ನು ಹೊಸೆಯುವುದು ಬೇಡ, ನೆಟ್ಟಗೆ ಲಗ್ಗಿನೊಳಗೆ (ವಾಯರ್ ತುದಿಗೆ ಒತ್ತುವ ಲೋಹದ ತುಂಡು) ತೂರಿಸಿ, ತುದಿ ಆಚೆ ಒಂದು ಮಿಲಿ ಇಣುಕಬೇಕು. ಕ್ರಿಂಪರ್ ಬಾಯಲ್ಲಿ ವಾಯರಿನ ದಪ್ಪಕ್ಕೆ ತಕ್ಕ ಸಂದಿಯಲ್ಲಿಟ್ಟು ಒತ್ತಿ. ಈಗ ಲಗ್ ಹಿಡಿದು ಕುರಿಯ ಕಿವಿ ಎಳೆದ ಹಾಗೆ ಎಳೆಯಿರಿ. ಬಂದರೆ ಈಗಲೇ ಬರಲಿ. ಬರಲಿಲ್ಲ ಅಂದರೆ ಸ್ಲೀವ್ ಎಳೆದು ಬಿಸಿ ಕೊಡಿ. ಒಳಗೆ ಅಂಟು ಇರುವ ಸ್ಲೀವ್ ತೆಗೆದುಕೊಳ್ಳಿ, ಬಿಸಿಯಾದಾಗ ಎರಡೂ ತುದಿಯಲ್ಲಿ ಅಂಟು ಸಣ್ಣಗೆ ಹೊರಗೆ ಬರುತ್ತದೆ, ಆಗ ನೀರು ಒಳಗೆ ಹೋಗುವ ಮಾತಿಲ್ಲ. ಧಾರವಾಡದ ಜಡಿಮಳೆಗೆ ಅದು ಬೇಕೇ ಬೇಕು.

ಕಪ್ಪು ಟೇಪನ್ನು ಬಾನೆಟ್ ಒಳಗೆ ಸುತ್ತಬೇಡಿ. ಒಂದು ಬೇಸಿಗೆಗೆ ಅಂಟು ಕರಗಿ ಬೆಲ್ಲದ ಪಾಕ ಆಗಿ ಧೂಳು ಹಿಡಿಯುತ್ತದೆ, ಎರಡನೇ ಬೇಸಿಗೆಗೆ ಬಿಚ್ಚಿಕೊಂಡು ಜೋತಾಡುತ್ತದೆ. ಹಾರ್ನೆಸ್ಸಿನ ಬಟ್ಟೆ ಟೇಪ್ ಬೇರೆ ಬರುತ್ತದೆ, ಅದನ್ನೇ ಕೇಳಿ. ವಾಯರ್ ಕಡಿಯದೆ ಮೇಲಿಂದ ಕ್ಲಿಪ್ ಒತ್ತಿ ಕರೆಂಟ್ ಕದಿಯುವ ಆ ಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನಂತೂ ನನ್ನ ಅಂಗಡಿಯೊಳಗೇ ಬಿಡುತ್ತಿರಲಿಲ್ಲ. ಅದರ ತಗಡು ಎಳೆಗಳನ್ನು ಕೊಯ್ಯುತ್ತದೆ, ಆ ಗಾಯದಲ್ಲಿ ನೀರು ಇಳಿದು ಹಸಿರು ಕಿಲುಬು ಹಿಡಿಯುತ್ತದೆ.

ರಾಣೆಬೆನ್ನೂರು_27
ನಮಸ್ಕಾರ, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮದು ಇಲಿ ಕಾಟ. ಗೋವಿನಜೋಳದ ಚೀಲ ಇಟ್ಟ ಶೆಡ್ಡಿನಲ್ಲೇ ಗಾಡಿ ನಿಲ್ಲುತ್ತದೆ. ಎರಡು ಸಲ ವಾಯರ್ ಕಡಿದಿವೆ, ಈ ಸಲ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಹತ್ತಿದೆ. ಯಾರೋ ಮೆಣಸಿನಪುಡಿ ಹಾಕಿ ಅಂದರು. ಬ್ಯಾಡಗಿ ಪಕ್ಕದಲ್ಲೇ ಇದೆ, ಅರ್ಧ ಕಿಲೋ ಪುಡಿ ತಂದು ಬಾನೆಟ್ ಒಳಗೆಲ್ಲ ಉದುರಿಸಿದೆ. ಏನೂ ಆಗಲಿಲ್ಲ.

ಸಪ್ತಾಪುರ_ಸವಾರ
ಅಣ್ಣಾ, ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ನೀವು ಇಲಿಗೆ ಒಗ್ಗರಣೆ ಹಾಕಿಕೊಟ್ಟಿದ್ದೀರಿ.

ರಾಣೆಬೆನ್ನೂರು_27
😂 ಹೆಂಡತಿಯೂ ಇದನ್ನೇ ಅಂದಳು. ಪುಡಿ ಹಾಳಾಯಿತು ಅಂತ ಬೈಗುಳ ಬೇರೆ.

ತಂತಿ_ತಾತ
ಪುಡಿಗಿಡಿ ಬಿಡಿ. ಇಲಿ ಬರುವುದು ಬೆಚ್ಚಗಿನ ಜಾಗಕ್ಕೆ ಮತ್ತು ಪಕ್ಕದಲ್ಲಿ ಕಾಳು ಇದ್ದದ್ದಕ್ಕೆ. ಚೀಲವನ್ನಾದರೂ ಗಾಡಿಯನ್ನಾದರೂ ಬೇರೆ ಕಡೆ ಇಡಿ, ಬೇರೆ ಉಪಾಯ ಅಷ್ಟಕ್ಕಷ್ಟೇ. ಬಾನೆಟ್ ಎತ್ತಿ ಹುಲ್ಲು, ಬಟ್ಟೆ ಚೂರು ಸೇರಿಸಿದ ಗೂಡಿದ್ದರೆ ಮೊದಲು ತೆಗೆಯಿರಿ, ಅದು ಬಿಸಿ ಸೈಲೆನ್ಸರ್ ಹತ್ತಿರ ಇದ್ದರೆ ಬೆಂಕಿಗೇ ಆಹಾರ.

ಎಬಿಎಸ್ ಲೈಟ್ ಅಂದರೆ ಚಕ್ರದ ಹತ್ತಿರ ಹೋಗುವ ಸೆನ್ಸರ್ ವಾಯರ್ ಇರಬಹುದು, ಸ್ಕ್ಯಾನರ್ ಹಾಕಿದರೆ ಯಾವ ಚಕ್ರ ಅಂತ ಗೊತ್ತಾಗುತ್ತದೆ. ಬ್ರೇಕಿಗೆ ಸಂಬಂಧಪಟ್ಟದ್ದು, ಚಕ್ರದ ಜೊತೆ ಅಲುಗಾಡುವ ವಾಯರು. ಸಾಧ್ಯವಾದರೆ ಜೋಡಿಸದೆ ಆ ತುಂಡು ಪೂರ್ತಿ ಹೊಸದು ಹಾಕಿಸಿ.

ಬೇರೆ ಕಡೆ ಒಂದೇ ಕಟ್ಟಿನಲ್ಲಿ ನಾಲ್ಕೈದು ವಾಯರ್ ಕಡಿದಿದ್ದರೆ ಎಲ್ಲ ಜಾಯಿಂಟನ್ನು ಒಂದೇ ಜಾಗದಲ್ಲಿ ಹಾಕಬೇಡಿ. ಒಂದು ಇಲ್ಲಿ, ಇನ್ನೊಂದು ಎರಡು ಬೆರಳು ಮುಂದೆ, ಹೀಗೆ. ಇಲ್ಲದಿದ್ದರೆ ಹಾವು ಕಪ್ಪೆ ನುಂಗಿದ ಹಾಗೆ ಅಲ್ಲೊಂದು ಗಂಟಾಗಿ ಎಲ್ಲೂ ಕೂರುವುದಿಲ್ಲ. ಎರಡು ವಾಯರ್ ಜಡೆ ಹಾಗೆ ಹೊಸೆದುಕೊಂಡಿದ್ದರೆ ಹೊಸ ತುಂಡನ್ನೂ ಹೊಸೆಯಿರಿ. ಗಾಡಿಯ ಕಂಪ್ಯೂಟರುಗಳು ಮಾತಾಡುವ ಕ್ಯಾನ್ ವಾಯರ್ ಇರಬಹುದು ಅದು, ಹೊಸೆದದ್ದೇ ಹೊರಗಿನ ಗದ್ದಲ ಒಳಗೆ ಬರದಿರಲಿ ಅಂತ.

ಸಪ್ತಾಪುರ_ಸವಾರ
ತಾತಾ, ನನ್ನದೂ ಒಂದು. ಗಾಡಿ ನಾಲ್ಕು ದಿನ ನಿಂತರೆ ಬ್ಯಾಟರಿ ಸತ್ತುಹೋಗುತ್ತದೆ. ಹೊಸ ಬ್ಯಾಟರಿ, 35 ಎಎಚ್ (ಆಂಪಿಯರ್ ಅವರ್). ಅಂಗಡಿಯಲ್ಲಿ ಡೈನಮೋ ಬದಲಾಯಿಸಬೇಕು ಅಂದರು.

ತಂತಿ_ತಾತ
ಡೈನಮೋಗೆ ಕೈ ಹಾಕುವ ಮೊದಲು ಇಂಜಿನ್ ಚಾಲೂ ಮಾಡಿ ಬ್ಯಾಟರಿ ಮೇಲೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಚೆನ್ನಾಗಿದೆ. ಇಂಜಿನ್ ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ 12.6 ಇದ್ದರೆ ಬ್ಯಾಟರಿ ಫುಲ್, 12.2 ಅಂದರೆ ಅರ್ಧ.

ಅದೆಲ್ಲ ಸರಿ ಇದ್ದರೆ ಗಾಡಿ ಮಲಗಿದಾಗ ಯಾರೋ ಕದ್ದು ಕುಡಿಯುತ್ತಿದ್ದಾರೆ. ಮೀಟರಿನ ಕೆಂಪು ವಾಯರನ್ನು 10 ಆಂಪಿಯರ್ ಅಂತ ಬರೆದ ತೂತಿಗೆ ಹಾಕಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಪೋಸ್ಟಿಗೂ ಬಿಚ್ಚಿದ ಕ್ಲಾಂಪಿಗೂ ನಡುವೆ ಮೀಟರ್ ಕೂರಿಸಿ. ಬಾಗಿಲೆಲ್ಲ ಮುಚ್ಚಿ, ಕೀಲಿ ದೂರ ಇಟ್ಟು, ಅರ್ಧ ಗಂಟೆ ಕಾಯಿರಿ. ಗಾಡಿಯ ಕಂಪ್ಯೂಟರುಗಳು ನಿದ್ದೆಗೆ ಜಾರಲಿಕ್ಕೆ ಹೊತ್ತು ಬೇಕು. ಮೀಟರ್ ಅಲ್ಲಿರುವಾಗ ಸೆಲ್ಫ್ ಹೊಡೆದರೆ ಮೀಟರ್ ಸತ್ತಿತು. 50 ಮಿಲಿ ಆಂಪಿಯರ್ ಒಳಗಿದ್ದರೆ ಸಹಜ. ಕೆಲಸ ಮುಗಿದ ಕೂಡಲೇ ಕೆಂಪು ವಾಯರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ವೋಲ್ಟ್ ನೋಡಲಿಕ್ಕೆ ಹೋದರೆ ಬ್ಯಾಟರಿಯನ್ನೇ ಶಾರ್ಟ್ ಮಾಡಿದ ಹಾಗೆ, ಮೀಟರಿನ ಫ್ಯೂಸ್ ಹಾರುತ್ತದೆ. ಹಾರಿದರೆ ಪುಣ್ಯ, ಅಗ್ಗದ ಮೀಟರಿನಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ.

ಜಾಸ್ತಿ ಬಂದರೆ ಫ್ಯೂಸ್ ಒಂದೊಂದೇ ಕೀಳಬೇಡಿ, ಕಿತ್ತರೆ ಮಲಗಿದ್ದು ಎದ್ದುಬಿಡುತ್ತದೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಇವೆ, ಮೀಟರನ್ನು ಮಿಲಿ ವೋಲ್ಟಿಗೆ ಇಟ್ಟು ಎರಡನ್ನೂ ಮುಟ್ಟಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಹೋಗುತ್ತಿಲ್ಲ. ಏನಾದರೂ ಬಂದರೆ ಕಳ್ಳ ಆ ಮನೆಯಲ್ಲಿದ್ದಾನೆ.

ಸಪ್ತಾಪುರ_ಸವಾರ
(ಮೂರು ದಿನದ ನಂತರ) ಸಿಕ್ಕಿತು! ಡೈನಮೋ 14.2, ಏನೂ ಆಗಿಲ್ಲ. ಮಲಗಿದಾಗ 0.38 ಆಂಪಿಯರ್. ದಿನಕ್ಕೆ ಒಂಬತ್ತು ಎಎಚ್, ನಾಲ್ಕು ದಿನಕ್ಕೆ 35 ಮುಗಿಯುತ್ತದೆ, ಲೆಕ್ಕ ಸರಿಯಾಗಿ ಕೂತಿತು. ಕಳ್ಳ ಮ್ಯೂಸಿಕ್ ಸಿಸ್ಟಮ್. ಹಾಕಿದವರು ಹಳದಿ ಮತ್ತು ಕೆಂಪು ವಾಯರ್ ಎರಡನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿದ್ದರು.

ಡಿಪ್‌ಲೈಟ್
ಹಳದಿ ಮೆಮೊರಿಗೆ, ಯಾವಾಗಲೂ ಕರೆಂಟ್ ಇರಬೇಕು. ಕೆಂಪು ಕೀಲಿ ತಿರುಗಿಸಿದಾಗ ಮಾತ್ರ. ಎರಡೂ ಸೇರಿಸಿದರೆ ಕೀಲಿ ತೆಗೆದರೂ ಸಿಸ್ಟಮ್ ಎಚ್ಚರ ಇರುತ್ತದೆ. ಬೇರೆ ಮಾಡಿ ಕೆಂಪನ್ನು ಎಸಿಸಿ ಲೈನಿಗೆ ಕೊಡಿ.

ನವನಗರ_ನವೀನ
ನಾನು ಹೋದ ವರ್ಷ ಹೊಸ ಗಾಡಿ ತಗೊಂಡೆ. ಡ್ಯಾಶ್‌ಕ್ಯಾಮ್ ನಾನೇ ಹಾಕಬಹುದಾ? ವಾಯರನ್ನು ಮುಂದಿನ ಕಂಬದ ಪ್ಲಾಸ್ಟಿಕ್ ಒಳಗೆ ತೂರಿಸಿದರೆ ಆಯಿತು ಅಲ್ವಾ?

ತಂತಿ_ತಾತ
ಹುಷಾರು. ಆ ಕಂಬದಲ್ಲಿ ಪರದೆ ಏರ್‌ಬ್ಯಾಗ್ ಇದೆಯಾ ನೋಡಿ, ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿರುತ್ತದೆ. ಇದ್ದರೆ ವಾಯರ್ ಬ್ಯಾಗಿನ ಹಿಂದಿನಿಂದ ಹೋಗಬೇಕು, ಕಂಪನಿಯ ವಾಯರ್ ಕಟ್ಟಿನ ಜೊತೆ. ಮುಂದೆ ಹಾಕಿದರೆ ಬ್ಯಾಗ್ ಉಬ್ಬುವಾಗ ದಾರಿಗೆ ಅಡ್ಡ ಬರುತ್ತದೆ, ವಾಯರು ಕ್ಯಾಮೆರಾ ಸಮೇತ ಮುಖಕ್ಕೆ ಹಾರಬಹುದು. ಹಳದಿ ಕಪ್ಲರ್, ಹಳದಿ ಸುತ್ತಿದ ವಾಯರ್ ಎಲ್ಲಿ ಕಂಡರೂ ಕೈ ಹಿಂದೆ. ಅಲ್ಲಿ ಟೆಸ್ಟ್ ಲ್ಯಾಂಪು ಮೀಟರು ಯಾವುದೂ ಮುಟ್ಟಿಸುವ ಹಾಗಿಲ್ಲ. ಸಂಶಯ ಇದ್ದರೆ ಸಿಗರೇಟ್ ಸಾಕೆಟ್ಟಿನಿಂದ ಕರೆಂಟ್ ತಗೊಂಡು ವಾಯರನ್ನು ಗಾಜಿನ ಕೆಳ ಅಂಚಿನಲ್ಲಿ ತನ್ನಿ, ಚಂದ ಕಾಣದಿದ್ದರೂ ಪರವಾಗಿಲ್ಲ.

ಹೊಸ ಗಾಡಿಗಳಲ್ಲಿ ಲೈಟುಗಳನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ವಾಯರ್ ಕಡಿದು ಜೋಡಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ, ಮೇಲೆ ವಾರಂಟಿ ತಕರಾರು. ಕಪ್ಲರಿಗೆ ಕಪ್ಲರ್ ಕೂರುವ ಕಿಟ್ ಇದ್ದರೆ ಅದನ್ನೇ ಹಾಕಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದು 12 ವೋಲ್ಟ್ ಅಲ್ಲ, ಜೀವ ತೆಗೆಯುವ ವೋಲ್ಟೇಜ್. ಅದಕ್ಕೆ ತರಬೇತಿ ಆದವರೇ ಬೇಕು.

ಉಣಕಲ್_ಹುಡುಗ
ಎರಡು ಭಾನುವಾರ ಹಿಡಿಯಿತು, ಮುಗೀತು. ಬರೆದುಕೊಳ್ಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ನೆಗೆಟಿವ್ ಮೊದಲು ಬಿಚ್ಚಿದೆ, ಕೊನೆಗೆ ಹಾಕಿದೆ. ಪಾಸಿಟಿವ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಕಿಡಿ ಬರದಿರಲಿ ಅಂತ. ಉಂಗುರ, ಸ್ಟೀಲ್ ಕೈಗಡಿಯಾರ ತೆಗೆದಿಟ್ಟೆ. ಅಂಟಿದ್ದ ಕಂಪನಿ ವಾಯರನ್ನು ಬಿಡಿಸಿದಾಗ ಒಂದು ಕಡೆ ತಾಮ್ರ ಕಾಣುತ್ತಿತ್ತು, ಆ ತುಂಡು ಕತ್ತರಿಸಿ ಅದೇ ದಪ್ಪದ, ಅದೇ ಬಣ್ಣದ ವಾಯರ್ ಹಾಕಿದೆ.

ಹಳೇ ತೂತಿಗೆ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದು ರಬ್ಬರ್ ಬುಷ್ ಕೂರಿಸಿದೆ. ಈಗ ಅದರ ಮೂಲಕ ಒಳಗೆ ಬರುವುದು ಸ್ವಿಚ್ಚಿನ ಸಣ್ಣ ವಾಯರ್ ಮಾತ್ರ. ಉಳಿದದ್ದೆಲ್ಲ ಸುರುಳಿ ಪೈಪಿನೊಳಗೆ, ಗೇಣಿಗೊಂದು ಟೈ. ಸೈಲೆನ್ಸರ್, ಬೆಲ್ಟು, ಸ್ಟೇರಿಂಗ್ ರಾಡಿನಿಂದ ದೂರ. ರಿಲೇಯನ್ನು ಕಾಲು ಕೆಳಗೆ ಬರುವ ಹಾಗೆ ಹಾಕಿದೆ, ನೀರು ನಿಲ್ಲದಿರಲಿ ಅಂತ.

ಲೈಟ್ ಹತ್ತಿಸಿದೆ. ಮಂಕು! ಹೊಸ ವಾಯರ್ ಹಾಕಿಯೂ ಮಂಕು. ಇಂಜಿನ್ ಚಾಲೂ, ಬ್ಯಾಟರಿ ಮೇಲೆ 14.1, ಲೈಟಿನ ಎರಡು ಕಾಲ ನಡುವೆ 12.9. ಎಲ್ಲಿ ಹೋಯಿತು 1.2 ವೋಲ್ಟ್? ತಾತನಿಗೆ ಫೋನ್ ಮಾಡಿದೆ (ನಂಬರ್ ಅವರೇ ಮೆಸೇಜ್ ಮಾಡಿದ್ದರು). ಲೈಟ್ ಆನ್ ಇಟ್ಟು ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್ ಮೇಲೆ, ಇನ್ನೊಂದು ಲೈಟಿನ ಪಾಸಿಟಿವ್ ಮೇಲೆ ಇಡಲು ಹೇಳಿದರು. 0.3 ಬಂತು. ಆಮೇಲೆ ಲೈಟಿನ ನೆಗೆಟಿವ್‌ಗೂ ಬ್ಯಾಟರಿ ನೆಗೆಟಿವ್‌ಗೂ. 0.9! ಅರ್ಥಿಂಗ್ ಸ್ಕ್ರೂ ಹಳೇದನ್ನೇ ಬಿಟ್ಟಿದ್ದೆ, ಅದು ಬಣ್ಣದ ಮೇಲೆ ಕೂತಿತ್ತು. ಬಣ್ಣ ಕೆರೆದೆ, ತಗಡು ಹೊಳೆಯುವವರೆಗೆ. ರಿಂಗ್ ಲಗ್, ಹಲ್ಲಿನ ವಾಷರ್, ಬೋಲ್ಟ್ ಬಿಗಿ ಮಾಡಿ ಮೇಲೆ ವ್ಯಾಸಲಿನ್. ಈಗ 0.1.

ಬೆಳಕು ಎಷ್ಟು ಜಾಸ್ತಿಯಾಯಿತು ಅಂದರೆ ನಂಬಲಿಕ್ಕಾಗಲಿಲ್ಲ.

ಡಿಪ್‌ಲೈಟ್
ಹ್ಯಾಲೊಜನ್ ಬಲ್ಬ್ ಹಾಗೇ. ವೋಲ್ಟು ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಜನ ಇದಕ್ಕೇ 100 ವ್ಯಾಟಿನ ಬಲ್ಬ್ ಹಾಕಿ ಹೋಲ್ಡರ್ ಕರಗಿಸಿಕೊಳ್ಳುತ್ತಾರೆ. ಇದ್ದ ಬಲ್ಬಿಗೆ ಸರಿಯಾಗಿ ಕರೆಂಟ್ ಕೊಟ್ಟರೆ ಸಾಕು. ಎದುರಿನವರ ಕಣ್ಣೂ ಉಳಿಯುತ್ತದೆ.

ಗದಗ_ಗಾಡಿ
ನನ್ನದೂ ಹೇಳಿಬಿಡುತ್ತೇನೆ. 15 ಹಾಕಿದೆ, ಎರಡನೇ ದಿನಕ್ಕೆ ಹೋಯಿತು. ಬಲಕ್ಕೆ ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಮಾತ್ರ. ಚಕ್ರದ ಹಿಂದೆ ನೋಡಿದರೆ ವಾಯರಿಗೆ ಟಯರ್ ಉಜ್ಜಿ ಉಜ್ಜಿ ಒಂದು ಕಡೆ ತಾಮ್ರ ಹೊಳೆಯುತ್ತಿತ್ತು. 30ರ ಮೇಲೆ ಆರು ತಿಂಗಳು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೇನೆ.

ತಂತಿ_ತಾತ
ಸಿಕ್ಕಿತಲ್ಲ, ಸಾಕು. ಆ ವಾಯರ್ ದಾರಿಯನ್ನೇ ಬದಲಾಯಿಸು, ಅಲ್ಲೇ ಟೇಪ್ ಸುತ್ತಬೇಡ.

ಉಣಕಲ್ಲಿನವರೇ, ಕೊನೆಗೆ ಒಂದು ನೋಡಿ. ಬ್ಯಾಟರಿ ಹತ್ತಿರದ ಫ್ಯೂಸ್ ಕಿತ್ತು, ರಿಲೇಯ 30ನೇ ಕಾಲಿನಲ್ಲಿ ಕರೆಂಟ್ ಇದೆಯಾ ನೋಡಿ. ಇರಬಾರದು.

ಉಣಕಲ್_ಹುಡುಗ
ನೋಡಿದೆ, ಸೊನ್ನೆ. ಮೊನ್ನೆ ಮತ್ತೆ ಗದಗಿಗೆ ಹೋಗಿ ಬಂದೆವು, ರಾತ್ರಿಯೇ. ಅಣ್ಣಿಗೇರಿ ಹತ್ತಿರ ಹೆಂಡತಿ ಏನೂ ಮಾತಾಡದೆ ಬಗ್ಗಿ ಕಾಲ ಹತ್ತಿರ ಮೂಸಿ ನೋಡಿದಳು. ನವಲಗುಂದ ರಸ್ತೆ ಕೂಡುವವರೆಗೆ ಮೂರು ಸಲ.

ಸಪ್ತಾಪುರ_ಸವಾರ
ಉಣಕಲ್ ಅಣ್ಣಾ, ಆ ರ‍್ಯಾಚೆಟ್ ಕ್ರಿಂಪರ್ ಎರಡು ದಿನ ಕೊಡುತ್ತೀರಾ? ಮ್ಯೂಸಿಕ್ ಸಿಸ್ಟಮ್ ವಾಯರ್ ಬೇರೆ ಮಾಡಬೇಕು. ಬುಧವಾರ ಚಿಗರಿ ಬಸ್ಸಿನಲ್ಲಿ ಬರುತ್ತೇನೆ, ಗಾಡಿ ಬ್ಯಾಟರಿ ಮತ್ತೆ ಇಳಿದಿದೆ.

ಉಣಕಲ್_ಹುಡುಗ
ಬನ್ನಿ. ಬರುವಾಗ ನಿಮ್ಮ ಮೀಟರ್ ತನ್ನಿ. ನನ್ನ ಮೀಟರಿನ ಕೆಂಪು ವಾಯರ್ 10 ಆಂಪಿಯರ್ ತೂತಿನಲ್ಲೇ ಇತ್ತು, ನಿನ್ನೆ ಹಾಗೇ ಬ್ಯಾಟರಿ ಮೇಲೆ ಇಟ್ಟೆ.